ಮಂಗಳ ಹೈಬ್ರಿಡ್ ಅಲ್ಲ

ಬಂಟ್ವಾಳ ತಾಲ್ಲೂಕಿನಲ್ಲಿ ಹೊಸದಾಗಿ ಅಡಿಕೆ ತೋಟ ಎಬ್ಬಿಸುವವರ ಮಾತಿನಲ್ಲಿ ‘ಇಂಟರ್ ಮಂಗಳ’ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಹೆಸರು ಕೇಳಿದವರಿಗೆ ಅದು ಎರಡು ತಳಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್ ಎನಿಸುವುದು ಸಹಜ. ಆದರೆ ಆ ಹೆಸರಿನ ಪೂರ್ತಿ ರೂಪ ‘ಇಂಟರ್ ಸೆ ಮಂಗಳ’. ಲ್ಯಾಟಿನ್ನಿನಲ್ಲಿ ‘ಇಂಟರ್ ಸೆ’ ಎಂದರೆ ತಮ್ಮತಮ್ಮೊಳಗೆ. ಮಂಗಳ ತಳಿಯ ಒಳ್ಳೆಯ ಮರಗಳನ್ನೇ ಆರಿಸಿ, ಅವುಗಳ ಪರಾಗವನ್ನು ಅವುಗಳ ನಡುವೆಯೇ ಹಾಯಿಸಿ, ಹೊರಗಿನ ಪರಾಗ ಒಳಗೆ ಬಾರದಂತೆ ಕಾದು ಪಡೆದ ಬೀಜಕ್ಕೆ ಆ ಹೆಸರು. ಹೈಬ್ರಿಡ್ ಆಗದಿರಲಿ ಎಂದೇ ಅಷ್ಟು ಶ್ರಮ ಪಟ್ಟಿದ್ದು. ಇನ್ನೊಂದೆಡೆ, ನೆರೆಮನೆಯ ತೋಟದ ಮಂಗಳ ಮರದಿಂದ ಇಳಿಸಿದ ಗೊನೆಯ ಹಣ್ಣಡಿಕೆಯನ್ನು ‘ಅಪ್ಪಟ ಮಂಗಳ’ ಎಂಬ ನಂಬಿಕೆಯಿಂದ ಬೀಜಕ್ಕಿಟ್ಟರೆ, ಸುತ್ತ ಊರ ಅಡಿಕೆಯ ಮರಗಳಿದ್ದ ಪಕ್ಷದಲ್ಲಿ ಅದರಿಂದ ಏಳುವ ಸಸಿಗಳಲ್ಲಿ ಎಷ್ಟೋ ನಿಜವಾದ ಅರ್ಥದಲ್ಲಿ ಹೈಬ್ರಿಡ್. ಹೀಗೆ ಒಂದೇ ಊರಿನಲ್ಲಿ ಒಂದೇ ಪದ ತಲೆಕೆಳಗಾಗಿ ನಿಂತಿದೆ. ನಲವತ್ತು ವರ್ಷ ನಿಲ್ಲಬೇಕಾದ ತೋಟದ ಬೀಜವನ್ನು ಆರಿಸುವಾಗ ಈ ಗೊಂದಲಕ್ಕೆ ತೆರಬೇಕಾದ ಬೆಲೆ ದೊಡ್ಡದು. ಇಳುವರಿ, ರುಚಿ, ಬೆಲೆ, ಗೊಬ್ಬರ, ಊರು ಇವು ಯಾವುದನ್ನೂ ಹೈಬ್ರಿಡ್ ಎಂಬ ಪದ ಹೇಳುವುದಿಲ್ಲ. ಒಂದು ಜೀವ ಯಾವ ತಾಯಿ, ಯಾವ ತಂದೆಯಿಂದ ಹುಟ್ಟಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ಅರ್ಥವನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಪದ ಹುಟ್ಟಿದ್ದು ಹಂದಿಯ ಗೂಡಿನಲ್ಲಿ. ಸಾಕಿದ ಹೆಣ್ಣುಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿಯನ್ನು ರೋಮನ್ನರು ‘ಹಿಬ್ರಿಡ’ ಎನ್ನುತ್ತಿದ್ದರು. ಒಂದನೆಯ ಶತಮಾನದ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯ ಎಂಟನೆಯ ಸಂಪುಟದಲ್ಲಿ ಇದನ್ನು ದಾಖಲಿಸಿ, ಇದೇ ಪದವನ್ನು ಮನುಷ್ಯರಿಗೂ ಅಂಟಿಸುತ್ತಿದ್ದರು ಎನ್ನುತ್ತಾನೆ. ಕ್ರಿ.ಪೂ. 63ರಲ್ಲಿ ಸಿಸಿರೋನ ಜೊತೆಗೆ ರೋಮಿನ ಕಾನ್ಸಲ್ ಆಗಿದ್ದ ಗೈಯಸ್ ಆಂಟೋನಿಯಸ್‌ನ ಹೆಸರಿನ ಕೊನೆಗೆ ‘ಹಿಬ್ರಿಡ’ ಸೇರಿಕೊಂಡಿದೆ. ರೋಮನ್ ತಂದೆಗೂ ಪರದೇಶದ ತಾಯಿಗೂ ಹುಟ್ಟಿದವರನ್ನು ಹಾಗೆ ಕರೆಯುವಾಗ ಅದರೊಳಗೆ ತಿರಸ್ಕಾರ ಇದ್ದೇ ಇತ್ತು. ನಮ್ಮ ಕಡೆಯ ‘ಸಂಕರ’ದ ಚರಿತ್ರೆಯೂ ಬೇರೆಯಲ್ಲ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ಯುದ್ಧದ ಕೆಡುಕುಗಳನ್ನು ಎಣಿಸುವಾಗ ವರ್ಣಸಂಕರಕ್ಕೆ ಹೆದರುತ್ತಾನೆ. ಆಡುಮಾತಿನ ‘ಬೆರಕೆ’ ಇಂದಿಗೂ ಬೈಗುಳದ ಹತ್ತಿರವೇ ಇದೆ. ಹೀಗೆ ಎರಡು ನಾಗರಿಕತೆಗಳು ಬೇರೆ ಬೇರೆಯಾಗಿಯೇ ಬೆರಕೆಯನ್ನು ಕಳಂಕ ಎಂದು ಕಂಡವು. ಇವತ್ತು ‘ಹೈಬ್ರಿಡ್ ತರಕಾರಿ’ ಎಂದು ಮೂಗು ಮುರಿಯುವಾಗ ನಮ್ಮ ದನಿಯಲ್ಲಿ ಆ ಹಳೆಯ ತಿರಸ್ಕಾರದ ಒಂದು ಎಳೆ ಉಳಿದಿದೆ ಎಂದೇ ನನ್ನ ಅನಿಸಿಕೆ. ವಿಜ್ಞಾನ ಆ ಪದವನ್ನು ಎತ್ತಿಕೊಂಡ ಮೇಲೆ ಆದ ಬದಲಾವಣೆಯನ್ನು ನೋಡಿದರೆ, ಈ ಎಳೆಯನ್ನು ಕಡಿದು ಹಾಕಲು ಕಾರಣವಿದೆ.

ಈಗ ಚೆಕ್ ಗಣರಾಜ್ಯದಲ್ಲಿರುವ ಬ್ರನೊ ನಗರದ ಮಠದ ತೋಟದಲ್ಲಿ ಗ್ರೆಗರ್ ಮೆಂಡೆಲ್ 1856ರಿಂದ 1863ರವರೆಗೆ ಬಟಾಣಿ ಗಿಡಗಳನ್ನು ಅಡ್ಡಹಾಯಿಸಿದ. 1865ರಲ್ಲಿ ಓದಿ, ಮರುವರ್ಷ ಅಚ್ಚಿಗೆ ಕೊಟ್ಟ ಅವನ ಪ್ರಬಂಧದ ಶೀರ್ಷಿಕೆಯಲ್ಲಿ ‘ವಂಶವಾಹಿ’ಯೂ ಇಲ್ಲ, ‘ತಳಿವಿಜ್ಞಾನ’ವೂ ಇಲ್ಲ. ಅದು ಸಸ್ಯ ಹೈಬ್ರಿಡ್‌ಗಳ ಮೇಲಿನ ಪ್ರಯೋಗಗಳ ವರದಿ, ಅಷ್ಟೇ. ಅವನು ಕಂಡದ್ದು ಇಷ್ಟು: ಗುಂಡು ಕಾಳಿನ ಶುದ್ಧ ತಳಿಗೂ ಸುಕ್ಕು ಕಾಳಿನ ಶುದ್ಧ ತಳಿಗೂ ಹುಟ್ಟಿದ ಮೊದಲ ತಲೆಮಾರಿನಲ್ಲಿ ಎಲ್ಲವೂ ಗುಂಡು, ಆ ಗಿಡಗಳಿಂದ ಮುಂದಿನ ತಲೆಮಾರು ಪಡೆದಾಗ 5474 ಗುಂಡು ಕಾಳು, 1850 ಸುಕ್ಕು ಕಾಳು. ಮಾಯವಾಗಿತ್ತು ಎಂದುಕೊಂಡ ಸುಕ್ಕು ಸುಮಾರು ನಾಲ್ಕರಲ್ಲಿ ಒಂದರಂತೆ ಮರಳಿ ಬಂತು. ಹೈಬ್ರಿಡ್‌ನಲ್ಲಿ ಇಬ್ಬರ ಗುಣವೂ ಕರಗಿ ಒಂದಾಗುವುದಿಲ್ಲ, ಎರಡೂ ಬೇರೆ ಬೇರೆಯಾಗಿಯೇ ಒಳಗಿದ್ದು ಮುಂದಿನ ಸಂತತಿಯಲ್ಲಿ ಬಿಡಿಬಿಡಿಯಾಗಿ ಹೊರಬೀಳುತ್ತವೆ ಎಂಬುದು ಈ ಲೆಕ್ಕದಿಂದ ಹೊರಟ ಅರಿವು. 1900ರಲ್ಲಿ ಮೆಂಡೆಲ್‌ನ ಕೆಲಸ ಮತ್ತೆ ಬೆಳಕಿಗೆ ಬಂತು. 1906ರಲ್ಲಿ ಲಂಡನ್ನಿನಲ್ಲಿ ಹೈಬ್ರಿಡ್ ಕುರಿತ ಮೂರನೆಯ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಅಧ್ಯಕ್ಷ ವಿಲಿಯಂ ಬೇಟ್ಸನ್ ಈ ಹೊಸ ಶಾಸ್ತ್ರಕ್ಕೆ ‘ಜೆನೆಟಿಕ್ಸ್’ ಎಂಬ ಹೆಸರನ್ನು ಸೂಚಿಸಿದ. ವರದಿ ಅಚ್ಚಾಗುವ ಹೊತ್ತಿಗೆ ಹೈಬ್ರಿಡ್ ಸಮ್ಮೇಳನ ಜೆನೆಟಿಕ್ಸ್ ಸಮ್ಮೇಳನವಾಗಿತ್ತು. ‘ಜೀನ್’ ಎಂಬ ಪದ ಡೆನ್ಮಾರ್ಕಿನ ಯೋಹಾನ್ಸೆನ್ ಬರೆಹದಲ್ಲಿ 1909ರಲ್ಲಿ ಕಾಣಿಸಿಕೊಂಡಿತು. ಎಂದರೆ ತಳಿವಿಜ್ಞಾನದ ಶಬ್ದಕೋಶದಲ್ಲಿ ಹೈಬ್ರಿಡ್ ಎಲ್ಲಕ್ಕಿಂತ ಹಿರಿಯ ಪದ. ಮಿಕ್ಕ ಪದಗಳು ಅದರ ಒಗಟನ್ನು ಬಿಡಿಸಲು ಹುಟ್ಟಿಕೊಂಡಂಥವು.

ಅಲ್ಲಿಂದ ಕಾಲು ಶತಮಾನ ದಾಟುವಷ್ಟರಲ್ಲಿ ಈ ವಿದ್ಯೆ ನಮ್ಮ ಜಿಲ್ಲೆಗೆ ಬಂದಿತ್ತು. ನಮ್ಮ ಜಿಲ್ಲೆ ಎಂದೇ ಹೇಳಬೇಕು, ಏಕೆಂದರೆ 1932ರಲ್ಲಿ ನೀಲೇಶ್ವರವೂ ಬಂಟ್ವಾಳವೂ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದವು. ಆ ವರ್ಷ ನೀಲೇಶ್ವರದ ತೆಂಗು ಸಂಶೋಧನಾ ಕೇಂದ್ರದಲ್ಲಿ ಜೆ.ಎಸ್. ಪಟೇಲ್ ಅವರು ಪಶ್ಚಿಮ ಕರಾವಳಿಯ ಎತ್ತರದ ತೆಂಗಿಗೆ ಚಾವಕ್ಕಾಡಿನ ಹಸಿರು ಗಿಡ್ಡ ತೆಂಗಿನ ಪರಾಗವನ್ನು ಕೈಯಿಂದ ಹಾಯಿಸಿದರು. ಜಗತ್ತಿನ ಮೊದಲ ತೆಂಗಿನ ಹೈಬ್ರಿಡ್ ಎಂದು ದಾಖಲಾಗಿರುವುದು ಅದೇ. ಹುಟ್ಟಿದ ಸಸಿಗಳು ತಾಯಿ ತಂದೆ ಇಬ್ಬರಿಗಿಂತ ಚುರುಕಾಗಿ ಬೆಳೆದು ಬೇಗ ಫಲಕ್ಕೆ ಬಂದದ್ದನ್ನು ಪಟೇಲರು 1937ರಲ್ಲಿ ಪ್ರಕಟಿಸಿದರು. ಇಂಥ ಹುರುಪಿಗೆ ಅಮೆರಿಕದ ಜಾರ್ಜ್ ಶಲ್ 1914ರಲ್ಲಿ ‘ಹೆಟರೋಸಿಸ್’ ಎಂಬ ಹೆಸರು ಕೊಟ್ಟಿದ್ದ. ನಾವು ಸಂಕರ ಚೈತನ್ಯ ಎನ್ನುತ್ತೇವೆ. ಮುಂದೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತೆಂಗುಗಳಿಗೆ ‘ಕೇರ ಸಂಕರ’, ‘ಚಂದ್ರ ಸಂಕರ’ ಎಂಬ ಹೆಸರುಗಳು ಬಂದವು. ಒಂದು ಕಾಲದಲ್ಲಿ ಭಯ ಹುಟ್ಟಿಸಿದ ಪದ ಸಸಿಯ ಹೆಸರಾಗಿ ಅಭಿಮಾನದಿಂದ ನಿಂತಿತು. ನಾನು ಇದನ್ನು ಸಣ್ಣ ಸಂಗತಿ ಎಂದುಕೊಳ್ಳುವುದಿಲ್ಲ.

ಈಗ ಅಡಿಕೆಗೆ ಬರೋಣ. ವಾದದ ತಿರುಳು ಇರುವುದು ಹಿಂಗಾರದಲ್ಲಿ. ಹಿಂಗಾರದ ಎಸಳುಗಳ ತುದಿಯುದ್ದಕ್ಕೂ ಗಂಡು ಹೂಗಳು, ಬುಡದಲ್ಲಿ ಕೆಲವೇ ಹೆಣ್ಣು ಹೂಗಳು. ಹಾಳೆ ಬಿಚ್ಚಿದ ಮೇಲೆ ಮೊದಲು ಅರಳುವುದು ಗಂಡು ಹೂ. ವಾರಗಟ್ಟಲೆ ಅರಳಿ ಉದುರಿ ಮುಗಿದ ಮೇಲಷ್ಟೇ ಹೆಣ್ಣು ಹೂಗಳು ಪರಾಗ ಪಡೆಯಲು ಸಿದ್ಧವಾಗುತ್ತವೆ, ಅದೂ ಕೆಲವೇ ದಿನ. ಆದ್ದರಿಂದ ಒಂದು ಹಿಂಗಾರ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದು ಅಪರೂಪ. ಗಾಳಿಯಲ್ಲಿ ಬರುವ ನೆರೆಮರದ ಪರಾಗವೇ ಅದಕ್ಕೆ ಗತಿ. ಬೀಜಕ್ಕೆ ಅಡಿಕೆ ಆರಿಸುವಾಗ ನಮ್ಮ ಕೃಷಿಕರು ತೋರುವ ಎಚ್ಚರ ನಿಜಕ್ಕೂ ದೊಡ್ಡದು: ಚೆನ್ನಾಗಿ ಫಲ ಕೊಡುವ ನಡುವಯಸ್ಸಿನ ಮರ, ನಡುವಿನ ಗೊನೆ, ಪೂರ್ತಿ ಹಣ್ಣಾದ ಕಾಯಿ, ನೀರಿಗೆ ಹಾಕಿದರೆ ತೊಟ್ಟು ಮೇಲಾಗಿ ನೆಟ್ಟಗೆ ತೇಲುವಂಥದ್ದು. ಈ ಎಲ್ಲ ಎಚ್ಚರವೂ ತಾಯಿಯ ಕಡೆಯದು. ತಂದೆ ಯಾವ ಮರ ಎಂಬುದನ್ನು ಯಾರೂ ಕಂಡಿರುವುದಿಲ್ಲ. ಗಾಳಿಗೆ ಬೇಲಿಯಿಲ್ಲ, ಪಕ್ಕದ ತೋಟದ ಬಡಕಲು ಮರವೂ ಅರ್ಧ ಪಾಲಿಗೆ ಹಕ್ಕುದಾರ ಆಗಿರಬಹುದು.

ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಶುರುವಾದದ್ದು 1956ರಲ್ಲಿ. 1970ರಲ್ಲಿ ಅದು ಕಾಸರಗೋಡಿನ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಯಿತು. ದೇಶ ವಿದೇಶಗಳಿಂದ ತರಿಸಿದ ಅಡಿಕೆಯನ್ನು ಅಲ್ಲಿ ಬೆಳೆಸಿ, ತೂಗಿ, ವರ್ಷಗಟ್ಟಲೆ ಹೋಲಿಸಿ ನೋಡಿದರು. ಚೀನಾದಿಂದ ಬಂದ ಸಂಗ್ರಹದಿಂದ ಆರಿಸಿದ್ದು 1972ರಲ್ಲಿ ‘ಮಂಗಳ’ ಆಯಿತು. ಇಂಡೊನೇಷ್ಯಾದ್ದು ‘ಸುಮಂಗಳ’, ಸಿಂಗಪುರದ್ದು ‘ಶ್ರೀಮಂಗಳ’, ಪಶ್ಚಿಮ ಬಂಗಾಳದ್ದು ‘ಮೋಹಿತ್‌ನಗರ’. ಇವು ಆಯ್ದ ತಳಿಗಳು. ಎರಡು ತಳಿಗಳನ್ನು ಕೂಡಿಸುವ ಕೆಲಸ ಇವುಗಳ ಹುಟ್ಟಿನಲ್ಲಿ ನಡೆದಿಲ್ಲ. ಸರಕಾರಿ ಕೇಂದ್ರದಿಂದ ಬಂದ, ಬೇಗ ಫಲ ಕೊಡುವ, ಊರಿನದಲ್ಲದ ಅಡಿಕೆ ಎಂಬ ಕಾರಣಕ್ಕೆ ಅವಕ್ಕೆ ಹೈಬ್ರಿಡ್ ಎಂಬ ಹೆಸರು ಅಂಟಿತು. ಹೈಬ್ರಿಡ್ ಎನ್ನಬೇಕಾದ ಅಡಿಕೆಯೂ ವಿಟ್ಲದಲ್ಲೇ ಇದೆ. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಒಂದು ಗಿಡ್ಡ ಅಡಿಕೆ ಸಿಕ್ಕಿತ್ತು. ಪ್ರಕೃತಿಯಲ್ಲಿ ತಾನಾಗಿ ಆದ ಮಾರ್ಪಾಡು ಅದು. ಫಸಲು ಕಡಿಮೆ, ಅಡಿಕೆಯ ಗುಣವೂ ಅಷ್ಟಕ್ಕಷ್ಟೆ. ಆದರೆ ಎತ್ತರ ಮಾತ್ರ ಕೈಗೆಟುಕುವಂಥದ್ದು. ಮರ ಹತ್ತುವವರೂ ಮದ್ದು ಬಿಡುವವರೂ ಸಿಗದ ಈ ಕಾಲದಲ್ಲಿ ಆ ಒಂದು ಗುಣಕ್ಕೆ ಎಷ್ಟು ಬೆಲೆಯಿದೆ ಎಂಬುದು ಕೊಳೆರೋಗದ ಮಳೆಗಾಲ ಕಂಡವರಿಗೆ ಗೊತ್ತು. ಹಿರೇಹಳ್ಳಿ ಗಿಡ್ಡ ಮರದ ಹಿಂಗಾರದಿಂದ ಗಂಡು ಹೂಗಳನ್ನು ಕತ್ತರಿಸಿ ತೆಗೆದು, ಚೀಲ ಕಟ್ಟಿ, ಹೆಣ್ಣು ಹೂ ಸಿದ್ಧವಾದಾಗ ಸುಮಂಗಳದ ಪರಾಗ ಹಾಕಿದರೆ ಒಂದು ಹೈಬ್ರಿಡ್, ಮೋಹಿತ್‌ನಗರದ ಪರಾಗ ಹಾಕಿದರೆ ಇನ್ನೊಂದು. ವಿಟಿಎಲ್‌ಎಎಚ್-1, ವಿಟಿಎಲ್‌ಎಎಚ್-2 ಎಂದು ಈ ಶತಮಾನದ ಮೊದಲ ದಶಕದಲ್ಲಿ ಬಿಡುಗಡೆಯಾದವು ಇವೇ. ಇವುಗಳ ಮರದಿಂದ ಬಿದ್ದ ಅಡಿಕೆಯನ್ನು ಬೀಜಕ್ಕಿಟ್ಟವರು ಮೆಂಡೆಲ್‌ನ ಸುಕ್ಕು ಕಾಳನ್ನು ನೆನೆಯಬೇಕು: ಗಿಡ್ಡ, ಎತ್ತರ, ನಡುಮಟ್ಟ, ಫಲ ಕಟ್ಟುವುದು, ಕಟ್ಟದ್ದು ಎಲ್ಲವೂ ಆ ಪಾತಿಯಲ್ಲಿ ಏಳುತ್ತವೆ, ಮತ್ತು ಯಾವುದು ಯಾವುದೆಂದು ತಿಳಿಯಲು ವರ್ಷಗಳೇ ಬೇಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಅಡಿಕೆ ಪರಪರಾಗದ ಬೆಳೆಯಾದರೆ, ಮಂಗಳ ಮರಗಳೂ ಒಂದರಂತೆ ಇನ್ನೊಂದು ಇರಲಾರವು. ಪ್ರತಿ ಸಸಿಯೂ ಎರಡು ಬೇರೆ ಮರಗಳ ಮಗು. ಹಾಗಿದ್ದ ಮೇಲೆ ಎಲ್ಲವೂ ಹೈಬ್ರಿಡ್ ಎಂದು ಬಿಟ್ಟರೆ ತಪ್ಪೇನು? ತಳಿವಿಜ್ಞಾನದ ಬಿಗಿಯಾದ ಲೆಕ್ಕದಲ್ಲಿ ಈ ಮಾತಿನಲ್ಲಿ ಸತ್ಯವಿದೆ. ಮೆಂಡೆಲ್ ಕೂಡ ಯಾವುದು ಬೇರೆ ಜಾತಿ, ಯಾವುದು ಬರಿಯ ತಳಿ ಎಂದು ಗೆರೆ ಎಳೆಯುವುದು ಕಷ್ಟ ಎಂದೇ ಒಪ್ಪಿಕೊಂಡಿದ್ದ. ಆದರೆ ಗೆರೆ ಮಸುಕಾಗಿದೆ ಎಂದ ಮಾತ್ರಕ್ಕೆ ಎರಡು ಕಡೆಯೂ ಒಂದೇ ಆಗುವುದಿಲ್ಲ. ಒಂದು ಕುಟುಂಬದ ಮರಗಳ ನಡುವಿನ ವ್ಯತ್ಯಾಸ ಸಣ್ಣದು. ಮಂಗಳಕ್ಕೂ ಊರ ಅಡಿಕೆಗೂ ಇರುವ ವ್ಯತ್ಯಾಸ ಬೆಳವಣಿಗೆ, ಎತ್ತರ, ಫಲಕ್ಕೆ ಬರುವ ಕಾಲ ಎಲ್ಲದರಲ್ಲೂ ಕಣ್ಣಿಗೆ ಕಾಣುವಂಥದ್ದು. ತೋಟಕ್ಕೆ ಬೇಕಾದದ್ದು ಹತ್ತು ವರ್ಷದ ಮೇಲೆ ಏನು ನಿಂತಿರುತ್ತದೆ ಎಂಬ ಅಂದಾಜು. ಆ ಅಂದಾಜನ್ನು ಇಂಟರ್ ಸೆ ಬೀಜ ಕೊಡುತ್ತದೆ, ಗಾಳಿಗೆ ಬಿಟ್ಟ ಬೀಜ ಕೊಡುವುದಿಲ್ಲ. ‘ಮಂಗಳ ಮೊದಲಿನಂತಿಲ್ಲ, ಕೆಟ್ಟುಹೋಗಿದೆ’ ಎಂಬ ದೂರು ಎಲ್ಲಾದರೂ ಕೇಳಿಬಂದರೆ ಮಣ್ಣನ್ನೂ ಹವೆಯನ್ನೂ ಶಂಕಿಸುವ ಮೊದಲು ಆ ಬೀಜದ ತಂದೆ ಯಾರು ಎಂದು ಕೇಳುವುದು ಸರಿಯಾದ ಕ್ರಮ.

ಬೆಳ್ತಂಗಡಿಯ ಗದ್ದೆಗಳಿಗೆ ಇಳಿದರೆ ಇದೇ ಪದದ ತಪ್ಪು ಇನ್ನೊಂದು ದಿಕ್ಕಿನಲ್ಲಿ ನಡೆದಿದೆ. ಏಣೆಲಿಗೆ, ಎಂದರೆ ಮುಂಗಾರಿನ ಬೆಳೆಗೆ, ಬಿತ್ತುವ ಜಯ, ಎಂ.ಒ. 4 ಮುಂತಾದ ಭತ್ತವನ್ನು ಊರ ತಳಿಗಳಾದ ಕಯಮೆ, ಅತಿಕಾರಯ, ಗಂಧಸಾಲೆಗಳಿಗೆ ಎದುರಿಟ್ಟು ‘ಹೈಬ್ರಿಡ್’ ಎನ್ನುವ ರೂಢಿಯಿದೆ. ಇವುಗಳ ಮೂಲದಲ್ಲಿ ಸಂಕರ ಇರುವುದು ನಿಜ. 1968ರಲ್ಲಿ ಬಿಡುಗಡೆಯಾದ ಜಯದ ತಾಯಿತಂದೆ ತೈವಾನಿನ ಗಿಡ್ಡ ಭತ್ತ ಮತ್ತು ನಮ್ಮ ದೇಶದ ಟಿ-141. ಎಂ.ಒ. 4 ಕೇರಳದ ಕುಟ್ಟನಾಡಿನ ಮೊಂಕೊಂಬು ಕೇಂದ್ರದಿಂದ ಬಂದದ್ದು. ಆದರೆ ಭತ್ತದ ಹೂ ತನ್ನ ಪರಾಗವನ್ನು ತಾನೇ ಪಡೆಯುತ್ತದೆ. ಹೊರಗಿನ ಪರಾಗ ಸೇರುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಹೀಗೆ ತನಗೆ ತಾನೇ ಕಾಳು ಕಟ್ಟುವ ಗಿಡದಲ್ಲಿ ಒಳಗಿನ ಬೆರಕೆ ತಲೆಮಾರಿಗೆ ಅರ್ಧದಂತೆ ಇಳಿಯುತ್ತದೆ. ಎರಡನೆಯ ತಲೆಮಾರಿಗೆ ಅರ್ಧ, ಮೂರಕ್ಕೆ ಕಾಲು. ಏಳನೆಯ ತಲೆಮಾರಿಗೆ ಬರುವಾಗ ನೂರರಲ್ಲಿ ಎರಡು ಪಾಲೂ ಉಳಿದಿರುವುದಿಲ್ಲ. ಅಷ್ಟು ಕಾಲ ಆಯ್ದು ಆಯ್ದು ನೆಲೆಗೊಳಿಸಿದ ಮೇಲೆಯೇ ಜಯ ಕೃಷಿಕರ ಕೈಗೆ ಬಂದದ್ದು. ಆದ್ದರಿಂದ ಅದು ಇಂದು ಹೈಬ್ರಿಡ್ ಅಲ್ಲ. ಗದ್ದೆಯ ಭತ್ತವನ್ನೇ ಮುಡಿ ಕಟ್ಟಿಟ್ಟು ಮರುವರ್ಷ ನೇಜಿ ಹಾಕಬಹುದು. ಮಂಡ್ಯದ ವಿ.ಸಿ. ಫಾರ್ಮ್‌ನಿಂದ 1996ರಲ್ಲಿ ಬಂದ ಕೆಆರ್‌ಎಚ್-2 ಮಾತ್ರ ನಿಜವಾದ ಹೈಬ್ರಿಡ್ ಭತ್ತ. ಅದರ ಬೀಜವನ್ನು ಪ್ರತಿ ಸಲವೂ ಕೊಳ್ಳಲೇಬೇಕು. ಎರಡಕ್ಕೂ ಒಂದೇ ಹೆಸರಿಟ್ಟರೆ ಒಬ್ಬ ಕೃಷಿಕ ಅಗತ್ಯವಿಲ್ಲದೆ ವರ್ಷವರ್ಷ ಬೀಜಕ್ಕೆ ಹಣ ಸುರಿಯುತ್ತಾನೆ, ಇನ್ನೊಬ್ಬ ಕೊಳ್ಳಬೇಕಾದಲ್ಲಿ ಉಳಿಸಿದ ಕಾಳು ಬಿತ್ತಿ ಬೆಳೆ ಕಳೆದುಕೊಳ್ಳುತ್ತಾನೆ.

ಊರ ತಳಿಗಳನ್ನು ಉಳಿಸಿದವರ ಕೆಲಸದ ಬೆಲೆಯೂ ಈ ಲೆಕ್ಕದಿಂದಲೇ ತಿಳಿಯುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಮಿತ್ತಬಾಗಿಲಿನ ಬಿ.ಕೆ. ದೇವರಾವ್ ಅವರು ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಜೋಪಾನ ಮಾಡಿಕೊಂಡು ಬಂದವರು. ಕಾಸರಗೋಡು ಜಿಲ್ಲೆಯ ಬೆಳೇರಿ ಸತ್ಯನಾರಾಯಣ ಅವರು ಆರುನೂರಕ್ಕೂ ಮೀರಿ ಸಂಗ್ರಹಿಸಿ, ರಾಜಕಯಮೆಯನ್ನು ಊರೂರಿಗೆ ಹಂಚಿ, 2024ರಲ್ಲಿ ಪದ್ಮಶ್ರೀ ಪಡೆದವರು. ಸಣ್ಣ ಸಣ್ಣ ತಾಕುಗಳಲ್ಲಿ, ಚೀಲಗಳಲ್ಲಿ ಇಷ್ಟು ತಳಿಗಳನ್ನು ಅಕ್ಕಪಕ್ಕ ಬೆಳೆದೂ ಒಂದಕ್ಕೊಂದು ಕಲಸದಂತೆ ಇಡಲು ಸಾಧ್ಯವಾದದ್ದು ಅವರ ಶ್ರದ್ಧೆಯಿಂದ, ಜೊತೆಗೆ ಭತ್ತದ ಹೂವಿನ ಈ ಸ್ವಭಾವದಿಂದ. ಅಡಿಕೆಯಲ್ಲಿ ನೂರು ತಳಿಗಳನ್ನು ಹೀಗೆ ಒತ್ತಾಗಿ ನೆಟ್ಟರೆ ಬೀಜದಲ್ಲಿ ಒಂದೂ ಉಳಿಯದು. ಸಂರಕ್ಷಣೆ ಎಂಬ ಪವಿತ್ರ ಕೆಲಸಕ್ಕೂ ಹೈಬ್ರಿಡ್ ಎಂದರೇನು ಎಂಬ ತಿಳಿವೇ ಅಡಿಪಾಯ ಎಂದು ಇದರಿಂದ ಒತ್ತಿ ಹೇಳಬಹುದು.

ಮೂಡುಬಿದಿರೆಯ ಕಡೆ ಹಣ್ಣಿನ ಗಿಡ ಕೊಳ್ಳುವವರು ಇನ್ನೊಂದು ಗೊಂದಲವನ್ನು ಎದುರಿಸುತ್ತಾರೆ: ಕಸಿ ಮತ್ತು ಹೈಬ್ರಿಡ್. ಕಾಟುಮಾವಿನ ಬುಡಕ್ಕೆ ಮುಂಡಪ್ಪದ ಕಡ್ಡಿ ಕಟ್ಟಿದರೆ ಬರುವುದು ಮುಂಡಪ್ಪವೇ. ಎರಡು ಮರಗಳ ದೇಹ ಕೂಡಿದೆ, ಸಂತಾನ ಕೂಡಿಲ್ಲ. ಬುಡದ ಗುಣ ಹಣ್ಣಿನ ಬೀಜಕ್ಕೆ ಹೋಗುವುದಿಲ್ಲ. ಅಲ್ಲಿನ ಹೆಸರಾಂತ ಸೋನ್ಸ್ ಫಾರ್ಮ್‌ನ ಅನಾನಸು ಕೂಡ ಹಿಳ್ಳಿನಿಂದ ಹಿಳ್ಳಿಗೆ ಸಾಗುವ ಬೆಳೆ. ಇದಕ್ಕೆ ವಿರುದ್ಧವಾಗಿ, ಹುಟ್ಟಿನಿಂದ ಅಪ್ಪಟ ಹೈಬ್ರಿಡ್ ಆಗಿದ್ದೂ ಯಾರೂ ಹಾಗೆ ಕರೆಯದ ಬೆಳೆಗಳು ನಮ್ಮ ತೋಟದಲ್ಲೇ ಇವೆ. ಅಡಿಕೆ ಮರಕ್ಕೆ ಹಬ್ಬಿಸುವ ಪಣಿಯೂರು-1 ಕಾಳುಮೆಣಸು ಕಣ್ಣೂರು ಜಿಲ್ಲೆಯ ಪಣಿಯೂರಿನಲ್ಲಿ ಉದಿರಂಕೊಟ್ಟ ಮತ್ತು ಚೆರಿಯ ಕನಿಯಕ್ಕಾಡನ್ ತಳಿಗಳ ಸಂಕರದಿಂದ ಹುಟ್ಟಿ 1971ರಲ್ಲಿ ಬಿಡುಗಡೆಯಾದ, ಜಗತ್ತಿನ ಮೊದಲ ಹೈಬ್ರಿಡ್ ಕಾಳುಮೆಣಸು. ಬೆಳ್ತಂಗಡಿಯ ಗುಡ್ಡಗಳ ಆರ್‌ಆರ್‌ಐಐ-105 ರಬ್ಬರ್ ಕೂಡ ಎರಡು ಬೇರೆ ರಬ್ಬರ್ ಮರಗಳ ಸಂಕರ ಸಂತಾನ. ಬಳ್ಳಿಯ ತುಂಡಿನಿಂದ, ಕಣ್ಣಿನ ಕಸಿಯಿಂದ ಬೆಳೆಸುವುದರಿಂದ ಇವುಗಳ ಗುಣ ಐವತ್ತು ವರ್ಷ ಕಳೆದರೂ ಒಡೆಯಲಿಲ್ಲ. ಹೈಬ್ರಿಡ್ ಎಂದರೆ ಒಂದೇ ವರ್ಷದ ಆಟ, ಮರುವರ್ಷಕ್ಕೆ ಕೈಕೊಡುತ್ತದೆ ಎಂಬ ನಂಬಿಕೆಗೂ ಇದೇ ಉತ್ತರ. ಕೈಕೊಡುವುದು ಬೀಜದ ಮೂಲಕ ಮುಂದುವರಿಸಿದಾಗ ಮಾತ್ರ.

ಭಾಷೆಯನ್ನು ಪ್ರೀತಿಸುವವರು ಹೇಳಬಹುದಾದ ಮಾತೊಂದಿದೆ. ಪದ ಜನರದ್ದು, ವಿಜ್ಞಾನಿಯ ಕೋಶದಲ್ಲಿ ಏನೇ ಇರಲಿ, ಕರಾವಳಿಯಲ್ಲಿ ಹೈಬ್ರಿಡ್ ಎಂದರೆ ಊರಿನದಲ್ಲದ್ದು, ಹೊಸದು, ಹೆಚ್ಚು ಫಲ ಕೊಡುವುದು ಎಂಬ ಅರ್ಥವೇ ನೆಲೆಯೂರಿರುವಾಗ ಅದನ್ನು ತಿದ್ದಲು ಹೊರಡುವುದು ದರ್ಪವಾಗದೆ? ಊಟದ ಎಲೆಯ ಮುಂದೆ, ಮದುವೆಯ ಚಪ್ಪರದಲ್ಲಿ ಯಾರು ಏನೆಂದರೂ ನಷ್ಟವಿಲ್ಲ. ಬೀಜ ಕೊಳ್ಳುವಲ್ಲಿ ಮಾತ್ರ ಪದಕ್ಕೆ ಹಣವೂ ಕಾಲವೂ ಅಂಟಿಕೊಂಡಿವೆ. ಭತ್ತದ ತಪ್ಪು ಒಂದು ಸುಗ್ಗಿಗೆ ಗೊತ್ತಾಗುತ್ತದೆ, ತರಕಾರಿಯದ್ದು ಎರಡು ತಿಂಗಳಿಗೆ. ಅನುಭವವೇ ಗುರುವಾಗಿ ತಿದ್ದುತ್ತದೆ. ಅಡಿಕೆಯಲ್ಲಿ ಮೊದಲ ಹಿಂಗಾರ ಕಾಣಲು ನಾಲ್ಕೈದು ವರ್ಷ, ಫಸಲಿನ ನಿಜರೂಪ ತಿಳಿಯಲು ಇನ್ನಷ್ಟು ವರ್ಷ. ಅನುಭವ ಪಾಠ ಹೇಳುವ ಹೊತ್ತಿಗೆ ತೋಟ ಕಡಿಯಲಾಗದ ಸ್ಥಿತಿಗೆ ಬಂದಿರುತ್ತದೆ. ಕಣ್ಣಿಗೆ ಕಾಣುವ ಮೊದಲೇ ನಿರ್ಧರಿಸಬೇಕಾದ ಕಡೆ ಪದದ ಖಚಿತತೆಯೊಂದೇ ಆಸರೆ. ಹೊಸತಿಗೆ, ಉತ್ತಮ ಪಡಿಸಿದ್ದಕ್ಕೆ ಹೇಳಲು ಕನ್ನಡದಲ್ಲಿ ‘ಸುಧಾರಿತ ತಳಿ’ ಇದೆ, ‘ಆಯ್ದ ತಳಿ’ ಇದೆ; ದನಕ್ಕೆ ‘ಮಿಶ್ರತಳಿ’ ಎನ್ನಲು ಹೈನುಗಾರರು ಕಲಿತೇ ಇದ್ದಾರೆ. ಪದದ ಬಡತನ ನಮಗಿಲ್ಲ.

ಇನ್ನು ರುಚಿಯ ಮತ್ತು ಆರೋಗ್ಯದ ಆಕ್ಷೇಪ. ಊರ ಕೋಳಿ, ಊರ ಬಸಳೆ, ಊರ ಅಲಸಂಡೆಗೆ ಇರುವ ಸ್ವಾದ ಹೈಬ್ರಿಡ್‌ಗೆ ಎಲ್ಲಿಂದ ಬರಬೇಕು ಎಂಬ ಮಾತು ಹುಸಿಯಲ್ಲ. ಆದರೆ ಸ್ವಾದ ಕುಂದಿದ ಕಾರಣ ಅಡ್ಡಹಾಯಿಸಿದ್ದಲ್ಲ. ಹಾಯಿಸಿದವರು ಏನನ್ನು ಅರಸಿ ಹಾಯಿಸಿದರು ಎಂಬುದು. ದೂರ ಸಾಗಣೆಗೆ ಗಟ್ಟಿ ಸಿಪ್ಪೆ, ಒಂದೇ ಅಳತೆಯ ಕಾಯಿ, ತೂಕ ಇವನ್ನು ಬೇಡಿದ್ದು ಮಾರುಕಟ್ಟೆ. ರುಚಿಯನ್ನೇ ಅರಸಿ ಮಾಡಿದ ಹೈಬ್ರಿಡ್ ಎಂದರೆ ನೀಲಂ, ದಶೇರಿಗಳ ಮಗು ಮಲ್ಲಿಕಾ ಮಾವು. ಅದನ್ನು ತಿಂದವರು ಸಂಕರವನ್ನು ಬೈಯಲಾರರು. ‘ಊರಿನದು’ ಎಂಬುದೂ ಅಂದುಕೊಂಡಷ್ಟು ಹಳೆಯದಲ್ಲ. ಅಡಿಕೆಯ ಮೂಲನೆಲೆ ಆಗ್ನೇಯ ಏಷ್ಯಾ. ಮೆಣಸಿನಕಾಯಿ, ಅನಾನಸು ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದವು. ಹೈಬ್ರಿಡ್ ಮತ್ತು ಕುಲಾಂತರಿಯನ್ನು ಒಂದೇ ಎಂದುಕೊಳ್ಳುವುದು ಇದಕ್ಕಿಂತ ಗಂಭೀರವಾದ ತಪ್ಪು. ಬಿಟಿ ಹತ್ತಿ ನಮ್ಮಲ್ಲಿ ಹೈಬ್ರಿಡ್ ರೂಪದಲ್ಲೇ ಹರಡಿದ್ದರಿಂದ ಎರಡೂ ಬೆಸೆದುಕೊಂಡವು. ಆದರೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಬಿಟಿ ಬದನೆಯನ್ನು ತಡೆಹಿಡಿದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಸೇರಿಸಲು ಎತ್ತಿಕೊಂಡಿದ್ದ ಬದನೆಗಳಲ್ಲಿ ಉಡುಪಿಯ ಗುಳ್ಳವೂ ಇತ್ತು ಎಂಬುದನ್ನು ನೆನೆಯಬೇಕು. ಅಪ್ಪಟ ಊರ ತಳಿಯೂ ಕುಲಾಂತರಿ ಆಗಬಹುದು, ಹೈಬ್ರಿಡ್ ಕುಲಾಂತರಿ ಅಲ್ಲದಿರಬಹುದು. ಎರಡು ಪ್ರಶ್ನೆಗಳು ಬೇರೆ. ಒಂದರ ಉತ್ತರವನ್ನು ಇನ್ನೊಂದರ ಮೇಲೆ ಹೇರಿದರೆ ಉಡುಪಿಯ ಗುಳ್ಳವನ್ನು ಕಾಯುವ ವಾದವೇ ದುರ್ಬಲವಾಗುತ್ತದೆ.

ಹೈಬ್ರಿಡ್ ವಿರುದ್ಧ ಒಂದು ನ್ಯಾಯವಾದ ದೂರು ಇದೆ, ಅದು ಸ್ವಾತಂತ್ರ್ಯದ್ದು. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆರಂಭಿಸಿದಂದಿನಿಂದ ಕರ್ನಾಟಕ ದೇಶದ ತರಕಾರಿ ಹೈಬ್ರಿಡ್‌ಗಳ ತವರು; ರಾಣೆಬೆನ್ನೂರಿನ ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಚಿಮಟ ಹಿಡಿದು ಒಂದೊಂದೇ ಹೂವಿನ ಗಂಡು ಭಾಗ ಕಿತ್ತು ಪರಾಗ ಮುಟ್ಟಿಸುತ್ತಾರೆ. ಬೀಜದ ದುಬಾರಿ ಬೆಲೆಯಲ್ಲಿ ಆ ಬೆರಳುಗಳ ದುಡಿಮೆಯೂ ಸೇರಿದೆ. ಆದರೆ ಪೊಟ್ಟಣದ ಬೀಜ ಮರುಬಿತ್ತನೆಗೆ ಒದಗದೆ ಕೃಷಿಕ ಪ್ರತಿ ವರ್ಷವೂ ಅಂಗಡಿಗೆ ಹೋಗಲೇಬೇಕು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ಕೃಷಿಕರ ಹಕ್ಕುಗಳ ಕಾಯ್ದೆಯ 39ನೆಯ ವಿಧಿ ಬೀಜ ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು, ಬ್ರಾಂಡ್ ಹಾಕದೆ ಮಾರುವ ಹಕ್ಕನ್ನು ಕೃಷಿಕನಿಗೆ ಕೊಟ್ಟಿದೆ. ಕಾನೂನು ಕೊಟ್ಟ ಆ ಹಕ್ಕು ಹೈಬ್ರಿಡ್‌ನ ಮುಂದೆ ಬರಿಗೈಯಾಗುತ್ತದೆ, ಏಕೆಂದರೆ ಉಳಿಸಿದ ಕಾಳಿನಲ್ಲಿ ಗುಣವೇ ಒಡೆದು ಹೋಗಿರುತ್ತದೆ. ಈ ದೂರನ್ನು ಎತ್ತುವವರಿಗೂ ಪದ ಖಚಿತವಾಗಿ ಬೇಕು. ಸುಧಾರಿತ ತಳಿಯನ್ನೂ ಹೈಬ್ರಿಡ್ ಎಂದು ದೂರ ಇಟ್ಟರೆ, ಕೃಷಿಕನ ಬೀಜದ ಹಕ್ಕನ್ನು ಗಟ್ಟಿಯಾಗಿ ಉಳಿಸುವ ಜಯ, ಎಂ.ಒ. 4ರಂಥ ತಳಿಗಳನ್ನೇ ನಾವು ವಿರೋಧಿಗಳ ಸಾಲಿಗೆ ಸೇರಿಸಿದಂತಾಗುತ್ತದೆ.

ಆದ್ದರಿಂದ ಬೇಡಿಕೆ ನರ್ಸರಿಗಳ ಕಡೆಗೆ, ಅವುಗಳಿಂದ ಸಸಿ ತರಿಸಿ ಹಂಚುವ ಸಹಕಾರ ಸಂಘಗಳ ಕಡೆಗೆ ಹೋಗಬೇಕು. ತರಕಾರಿ ಬೀಜದ ಪೊಟ್ಟಣದ ಮೇಲೆ ಮೊದಲ ತಲೆಮಾರಿನ ಹೈಬ್ರಿಡ್ ಎಂದು ತಿಳಿಸುವ ‘ಎಫ್-1’ ಗುರುತು ಇರುತ್ತದೆ. ಅಡಿಕೆ ಸಸಿಯ ತೊಟ್ಟೆಗೆ ಅಷ್ಟೂ ಇರುವುದಿಲ್ಲ, ಬಾಯಿಮಾತಿನ ‘ಮಂಗಳ’, ‘ಇಂಟರ್’ ಇಷ್ಟೇ. ಸಸಿಯ ರಸೀದಿಯಲ್ಲಿ ತಾಯಿಮರದ ತಳಿ, ಪರಾಗ ಕೊಟ್ಟ ಮರದ ತಳಿ, ಚೀಲ ಕಟ್ಟಿ ಪರಾಗ ಹಾಯಿಸಿದ್ದೋ ಗಾಳಿಗೆ ಬಿಟ್ಟದ್ದೋ ಎಂಬ ಮೂರು ಸಂಗತಿ ಬರೆಯಲು ಒಂದು ಸಾಲು ಸಾಕು. ಗಾಳಿಗೆ ಬಿಟ್ಟ ಬೀಜದ ಸಸಿ ಮಾರುವುದು ಅಪರಾಧವೇನಲ್ಲ. ಕಡಿಮೆ ಬೆಲೆಗೆ, ತಿಳಿದೇ, ಕೊಳ್ಳುವವರೂ ಇರುತ್ತಾರೆ. ಬೆಲೆಯನ್ನು ಮಾತ್ರ ಇಂಟರ್ ಸೆ ಬೀಜದ್ದೆಂದು ಪಡೆಯಬಾರದು. ವಿಟ್ಲದ ಕೇಂದ್ರ ತಾನು ಕೊಡುವ ಬೀಜದ ಹುಟ್ಟನ್ನು ಅರಿತೇ ಕೊಡುತ್ತದೆ. ಅಲ್ಲಿಂದ ಹೊರಬಿದ್ದ ಬೀಜ ಒಂದು ಕೈಯಿಂದ ಇನ್ನೊಂದು ಕೈಗೆ, ಒಂದು ತೋಟದಿಂದ ಮತ್ತೊಂದು ತೋಟಕ್ಕೆ ದಾಟುವಾಗ ಆ ಮಾಹಿತಿಯೂ ಜೊತೆಗೆ ದಾಟಬೇಕು, ಮತ್ತು ಅದನ್ನು ಕೇಳಿ ಪಡೆಯುವ ಕೆಲಸ ಮುಂದಿನ ಮಳೆಗಾಲದ ಗುಂಡಿ ತೆಗೆಯುವ ಮೊದಲೇ ಆಗಬೇಕು.